ಮಾದರಿ ಉಗಿ ರೈಲು: ಮನೆಯ ಹಳಿಯ ಮೇಲೆ ಓಟ ಮತ್ತು ಚಿತ್ರೀಕರಣ

ಉಗಿ ಎಂಜಿನ್, ಬೋಗಿ, ಹಳಿ, ನಿಲ್ದಾಣ ಹಾಗೂ ಸುತ್ತಲಿನ ನೆಲವನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಕಟ್ಟಿ, ನಿಜವಾದ ರೈಲಿನ ನಿಯಮಗಳಂತೆ ಓಡಿಸುವ ರಚನೆಯೇ ಮಾದರಿ ಉಗಿ ರೈಲು. ಆಟಿಕೆ ರೈಲಿನಿಂದ ಇದನ್ನು ಬೇರೆ ಮಾಡುವುದು ಗಾತ್ರವಲ್ಲ, ಪ್ರಮಾಣದ ನಿಷ್ಠೆ. ಎಂಜಿನ್ನಿನ ಉದ್ದ, ಗಾಲಿಯ ವ್ಯಾಸ, ಹಳಿಗಳ ನಡುವಿನ ಅಂತರ, ಓಟದ ವೇಗ, ಹೊಗೆಕೊಳವೆಯ ಸದ್ದಿನ ಲಯ ಎಲ್ಲವೂ ಒಂದೇ ಅನುಪಾತಕ್ಕೆ ಹೊಂದಬೇಕು. ಕ್ಯಾಮೆರಾ ನಿಲ್ಲುವ ಎತ್ತರಕ್ಕೂ ಇದೇ ನಿಯಮ. ಅನುಪಾತ ತಪ್ಪಿದರೆ ದುಬಾರಿ ಮಾದರಿಯೂ ಆಟಿಕೆಯಾಗಿ ಕಾಣುತ್ತದೆ. ಅನುಪಾತ ಉಳಿದರೆ ರಟ್ಟಿನಿಂದ ಕಟ್ಟಿದ ನಿಲ್ದಾಣಕ್ಕೂ ಜೀವ ಬರುತ್ತದೆ.

ಉತ್ತರ ಕರ್ನಾಟಕದಲ್ಲಿ ಉಗಿ ರೈಲು ಎಂದರೆ ಬಹುಮಟ್ಟಿಗೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್‌ಗೇಜ್ ರೈಲು. ಆ ಮಾರ್ಗಗಳೆಲ್ಲ ಬ್ರಾಡ್‌ಗೇಜ್ ಆಗಿರುವುದರಿಂದ ಮೀಟರ್‌ಗೇಜ್ ಉಗಿ ಕಾಲ ಇಂದು ಉಳಿದಿರುವುದು ಸಂಗ್ರಹಾಲಯ, ಛಾಯಾಚಿತ್ರ ಮತ್ತು ಹಿರಿಯರ ನೆನಪುಗಳಲ್ಲಿ. ಅದು ಓಡುವುದನ್ನು ಮತ್ತೆ ಕಾಣಲು ಮಾದರಿ ರೈಲು ಒಂದು ದಾರಿ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ನಿಲ್ದಾಣವನ್ನು ಆಧಾರವಾಗಿಟ್ಟುಕೊಂಡರೆ ಈ ಕಲೆಯ ಬಹುತೇಕ ಪ್ರಶ್ನೆಗಳು ಸ್ಪಷ್ಟವಾಗುತ್ತವೆ.

ಹಿನ್ನೆಲೆ

ಹಳಿಯ ಅಳತೆಗಳನ್ನು ನಿಗದಿಪಡಿಸಿ, ಒಂದರ ಜೊತೆ ಒಂದನ್ನು ಜೋಡಿಸಬಹುದಾದ ಆಟದ ರೈಲುಗಳನ್ನು ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಪ್ರದರ್ಶಿಸಿತು. ಅಮೆರಿಕದಲ್ಲಿ ಲಯೊನೆಲ್ 1900ರಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನೂ 1938ರಲ್ಲಿ ಮೇಜಿನ ಮೇಲೆ ಹಿಡಿಸುವ ಹಾರ್ನ್‌ಬಿ ಡಬ್ಲೊ ಸರಣಿಯನ್ನೂ ಮಾರುಕಟ್ಟೆಗೆ ತಂದಿತು. ಜರ್ಮನಿಯ ಎಲ್‌ಜಿಬಿ 1968ರಲ್ಲಿ ಹಿತ್ತಲಿನಲ್ಲಿ ಓಡಿಸಬಹುದಾದ ದೊಡ್ಡ ಮಾದರಿಗಳನ್ನು ಹೊರತಂದಿತು. ಮೀಟರ್‌ಗೇಜ್ ರೈಲನ್ನು ಮಾದರಿಯಾಗಿಸುವವರಿಗೆ ಈ ಕೊನೆಯ ಬೆಳವಣಿಗೆ ಬಹಳ ಮುಖ್ಯ.

ಭಾರತದಲ್ಲಿ ಸಾರ್ವಜನಿಕರು ನೋಡಬಹುದಾದ ಮಾದರಿ ರೈಲು ಜಾಲಗಳಲ್ಲಿ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಸಂಗ್ರಹಾಲಯ ಹೆಸರುವಾಸಿ. ಭಾವೂಸಾಹೇಬ ಜೋಶಿಯವರ ಹವ್ಯಾಸದಿಂದ ಬೆಳೆದ ಇದು 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕರ್ನಾಟಕದಲ್ಲಿ ನಿಜವಾದ ಎಂಜಿನ್, ಬೋಗಿಗಳನ್ನು ಹತ್ತಿರದಿಂದ ಅಳೆದು ನೋಡಲು ಮೈಸೂರಿನ ರೈಲ್ವೆ ಸಂಗ್ರಹಾಲಯ (1979) ಮತ್ತು ಹುಬ್ಬಳ್ಳಿಯ ರೈಲ್ವೆ ಸಂಗ್ರಹಾಲಯ (2020) ಇವೆ. ಶಂಕರ್ ನಾಗ್ ನಿರ್ದೇಶನದ ಮಾಲ್ಗುಡಿ ಡೇಸ್ ಧಾರಾವಾಹಿಯ ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವೂ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಯಿತು. ಮೀಟರ್‌ಗೇಜ್ ಕಾಲದ ಚಿಕ್ಕ ನಿಲ್ದಾಣದ ಮಾಡು, ಕಂಬ, ಕಿಟಕಿಗಳ ವಿನ್ಯಾಸ ತಿಳಿಯಲು ಅದು ಉಪಯುಕ್ತ.

ಗಿಣಿಗೇರಾ: ಕಾಲದ ಆಯ್ಕೆ

ಮಾದರಿ ಮಾರ್ಗ ಕಟ್ಟುವವರು ಮೊದಲು ನಿರ್ಧರಿಸಬೇಕಾದದ್ದು ಸ್ಥಳವನ್ನಲ್ಲ, ಕಾಲವನ್ನು. ಇದನ್ನು ಗಿಣಿಗೇರಾ ಚೆನ್ನಾಗಿ ತೋರಿಸುತ್ತದೆ.

1876–78ರ ಭೀಕರ ಬರಗಾಲದ ನಂತರ ಬರಪೀಡಿತ ಪ್ರದೇಶಗಳಿಗೆ ಧಾನ್ಯ ತಲುಪಿಸಲು, ಹತ್ತಿಯನ್ನು ಬಂದರುಗಳಿಗೆ ಒಯ್ಯಲು ರೈಲು ಬೇಕೆಂಬ ಒತ್ತಾಯ ಹೆಚ್ಚಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಈ ಭಾಗದಲ್ಲಿ ಮೀಟರ್‌ಗೇಜ್ ಹಳಿ ಹಾಕಿತು. ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸುವ, ಗಿಣಿಗೇರಾ ನಿಲ್ದಾಣವೂ ಇರುವ ಈ ಮಾರ್ಗ ತುಂಗಭದ್ರೆಯನ್ನು ದಾಟುತ್ತದೆ. ಆಗ ನದಿಯ ದಕ್ಷಿಣ ದಡದ ಹೊಸಪೇಟೆ ಮದ್ರಾಸ್ ಪ್ರಾಂತ್ಯಕ್ಕೂ ಉತ್ತರ ದಡದ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯಕ್ಕೂ ಸೇರಿದ್ದವು. ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಮಾರ್ಗ 1951ರಲ್ಲಿ ದಕ್ಷಿಣ ರೈಲ್ವೆಗೆ, 1966ರ ನಂತರ ದಕ್ಷಿಣ ಮಧ್ಯ ರೈಲ್ವೆಗೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆಗೆ ಸೇರಿತು. ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಇಂದು ಗಿಣಿಗೇರಾ ಒಂದು ಜಂಕ್ಷನ್. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಹೊಸ ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. ಅದು 2019ರಲ್ಲಿ ಗಂಗಾವತಿಯನ್ನೂ ಅನಂತರ ಕಾರಟಗಿ, ಸಿಂಧನೂರುಗಳನ್ನೂ ಮುಟ್ಟಿತು. ಆದರೆ ಈ ಕವಲು ಹುಟ್ಟುವ ಮೊದಲೇ ಉಗಿ ಎಂಜಿನ್‌ಗಳು ಹೋಗಿದ್ದವು. ಗಂಗಾವತಿಯ ಕಡೆಗೆ ಉಗಿ ಎಂಜಿನ್ ಹೊರಟಂತೆ ತೋರಿಸುವ ಮಾದರಿ ಕಣ್ಣಿಗೆ ಚೆಂದವಿದ್ದರೂ ಇತಿಹಾಸಕ್ಕೆ ತಪ್ಪು. ಉಗಿ ಕಾಲದ ಗಿಣಿಗೇರಾ ಒಂಟಿ ಹಳಿಯ ಮೇಲಿನ ದಾರಿಬದಿಯ ನಿಲ್ದಾಣ. ಮಾದರಿಗೆ ಜಂಕ್ಷನ್ನೇ ಬೇಕೆಂದರೆ ಡೀಸೆಲ್ ಅಥವಾ ವಿದ್ಯುತ್ ಎಂಜಿನ್ ಓಡಿಸಬೇಕು. ಉಗಿ ಬೇಕೆಂದರೆ ಕವಲು ಹಳಿ, ವಿದ್ಯುತ್ ತಂತಿಯ ಕಂಬ, ಜೋಡಿ ಹಳಿಗಳನ್ನು ಬಿಡಬೇಕು. ಬಿಟ್ಟಾಗ ಉಳಿಯುವುದು ಮುಖ್ಯ ಹಳಿ, ಎದುರು ಬರುವ ಗಾಡಿಗೆ ದಾರಿ ಬಿಡಲು ಒಂದು ಪಕ್ಕದ ಹಳಿ, ಚಿಕ್ಕ ಕಟ್ಟಡ, ಸಿಗ್ನಲ್ ಕಂಬಗಳು. ಮನೆಯಲ್ಲಿ ಕಟ್ಟಲು ಇದು ಸುಲಭ, ಓಡಿಸಲು ರೋಚಕ.

ಎಂಜಿನ್‌ಗಳು

ಸ್ವಾತಂತ್ರ್ಯಾನಂತರದ ಮೀಟರ್‌ಗೇಜ್ ಉಗಿ ಕಾಲವನ್ನು ಆಳಿದವು ವೈಪಿ ಮತ್ತು ವೈಜಿ ಎಂಬ ಎರಡು ವರ್ಗಗಳು. ವೈಪಿ ಪ್ರಯಾಣಿಕರ ಗಾಡಿಯ ಎಂಜಿನ್. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ಚಾಲಕ ಗಾಲಿ, ಹಿಂದೆ ಎರಡು ಚಿಕ್ಕ ಗಾಲಿ ಅದರ ಜೋಡಣೆ. ಚಾಲಕ ಗಾಲಿಯ ವ್ಯಾಸ 1,372 ಮಿಮೀ, ಒಟ್ಟು ಉದ್ದ ಸುಮಾರು 19 ಮೀಟರ್. ವೈಜಿ ಗೂಡ್ಸ್ ಎಂಜಿನ್. ಅದಕ್ಕೆ ಎಂಟು ಚಾಲಕ ಗಾಲಿಗಳು. ವ್ಯಾಸ 1,219 ಮಿಮೀ. ಚಿಕ್ಕ ಗಾಲಿಗಳಿಂದ ವೇಗ ಕಡಿಮೆಯಾದರೂ ಎಳೆಯುವ ಬಲ ಹೆಚ್ಚು. ಎರಡೂ ವರ್ಗಗಳನ್ನು ವಿದೇಶಿ ಕಾರ್ಖಾನೆಗಳ ಜೊತೆಗೆ ಜಮ್‌ಶೇಡ್‌ಪುರದ ಟೆಲ್ಕೊ ತಯಾರಿಸಿತು. ಚಿತ್ತರಂಜನ್ ಕಾರ್ಖಾನೆಯಿಂದ 1972ರಲ್ಲಿ ಹೊರಬಂದ ಕೊನೆಯ ಉಗಿ ಎಂಜಿನ್ ವೈಜಿ ವರ್ಗದ್ದು. ಇವೆರಡನ್ನು ಸರಿಯಾಗಿ ಗುರುತಿಸಿ, ಪ್ಯಾಸೆಂಜರ್ ಗಾಡಿಗೆ ವೈಪಿಯನ್ನೂ ಗೂಡ್ಸ್ ಗಾಡಿಗೆ ವೈಜಿಯನ್ನೂ ಹೂಡಿದರೆ ಮಾದರಿಯ ಅರ್ಧ ಸತ್ಯ ದಕ್ಕಿದಂತೆ.

ಪ್ರಮಾಣ ಮತ್ತು ಹಳಿಯ ಅಗಲ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಪ್ರಮಾಣ. ಅದರಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಭಾಗ. ಹಳಿಯ ಅಗಲ 16.5 ಮಿಮೀ. ಈ ಅಗಲ ಯುರೋಪು, ಅಮೆರಿಕಗಳ 1,435 ಮಿಮೀ ಹಳಿಗೆ ಸರಿಹೊಂದುತ್ತದೆ. ಭಾರತದ ಬ್ರಾಡ್‌ಗೇಜ್ 1,676 ಮಿಮೀ ಇರುವುದರಿಂದ ಇದೇ ಪ್ರಮಾಣದಲ್ಲಿ 19.3 ಮಿಮೀ ಬೇಕು. ಮೀಟರ್‌ಗೇಜ್‌ಗೆ 11.5 ಮಿಮೀ ಬರುತ್ತದೆ. ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲುಗಳಿಗಾಗಿ ಯುರೋಪಿನಲ್ಲಿ ತಯಾರಾಗುವ 12 ಮಿಮೀ ಹಳಿ ಇದಕ್ಕೆ ಬಹಳ ಹತ್ತಿರ. ಎಲ್ಲೆಡೆ ಸಿಗುವ 9 ಮಿಮೀ ಅಗಲದ ಎನ್ ಹಳಿಯ ಮೇಲೆ 120ರಲ್ಲಿ ಒಂದು ಪ್ರಮಾಣದ ಮಾದರಿ ಕಟ್ಟಿದರೂ ಹಳಿ 1,080 ಮಿಮೀಗೆ ಸಮನಾಗಿ, ಕಣ್ಣಿಗೆ ಮೀಟರ್‌ಗೇಜ್‌ನಂತೆಯೇ ಕಾಣುತ್ತದೆ.

ಅತ್ಯಂತ ಸಹಜವಾಗಿ ಹೊಂದುವುದು ಜಿ ಪ್ರಮಾಣ. ಅದರ ಅನುಪಾತ 22.5ರಲ್ಲಿ ಒಂದು, ಹಳಿಯ ಅಗಲ 45 ಮಿಮೀ. ಒಂದು ಮೀಟರನ್ನು 22.5ರಿಂದ ಭಾಗಿಸಿದರೆ 44.4 ಮಿಮೀ. ಎಲ್‌ಜಿಬಿ ಈ ಪ್ರಮಾಣವನ್ನು ರೂಪಿಸಿದ್ದೇ ಮೀಟರ್‌ಗೇಜ್ ರೈಲುಗಳಿಗಾಗಿ. ಆದರೆ ಜಾಗ ಹೆಚ್ಚು ಬೇಕು. ವೈಪಿ ಎಂಜಿನ್ ಎಚ್‌ಒದಲ್ಲಿ ಸುಮಾರು 22 ಸೆಂಮೀ ಉದ್ದವಿದ್ದರೆ ಜಿ ಪ್ರಮಾಣದಲ್ಲಿ 85 ಸೆಂಮೀ. ನಿಜದಲ್ಲಿ 400 ಮೀಟರ್ ಉದ್ದದ ಪಕ್ಕದ ಹಳಿ ಎಚ್‌ಒದಲ್ಲಿ 4.6 ಮೀಟರ್, ಜಿ ಪ್ರಮಾಣದಲ್ಲಿ ಸುಮಾರು 18 ಮೀಟರ್ ಆಗುತ್ತದೆ. ಹೀಗಾಗಿ ಉದ್ದವನ್ನು ಎಲ್ಲರೂ ಮೊಟಕುಗೊಳಿಸುತ್ತಾರೆ: ಹತ್ತು ಬೋಗಿಯ ಗಾಡಿಗೆ ನಾಲ್ಕು ಬೋಗಿ, ನಲವತ್ತು ವ್ಯಾಗನ್ನಿಗೆ ಹನ್ನೆರಡು. ಉದ್ದವನ್ನು ಕತ್ತರಿಸಬಹುದು, ಆದರೆ ಅಗಲ ಎತ್ತರಗಳನ್ನು ಕತ್ತರಿಸಬಾರದು. ಕೋಣೆಯಲ್ಲಿ ಕಟ್ಟುವವರಿಗೆ ಎಚ್‌ಒ ಅಥವಾ ಎನ್ ಹಳಿ, ಮಾಳಿಗೆ ಅಥವಾ ಹಿತ್ತಲು ಇರುವವರಿಗೆ ಜಿ ಪ್ರಮಾಣ ಅನುಕೂಲ.

ಮಾರ್ಗದ ರಚನೆ

ಕೋಣೆಯೊಳಗಿನ ಮಾರ್ಗಕ್ಕೆ ಮರದ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಸು ಸಾಕು. ನೋಡುಗರ ಎದೆಯ ಎತ್ತರದಲ್ಲಿದ್ದರೆ ಮಾರ್ಗ ಹೆಚ್ಚು ನಿಜವೆನಿಸುತ್ತದೆ. ಏರು 100ಕ್ಕೆ 2ನ್ನು ಮೀರದಿರುವುದು ಒಳ್ಳೆಯದು. ಹಗುರವಾದ ಮಾದರಿ ಎಂಜಿನ್ನಿನ ಗಾಲಿಗಳು ಕಡಿದಾದ ಏರಿನಲ್ಲಿ ಜಾರುತ್ತವೆ. ತಿರುವು ಎಷ್ಟು ವಿಶಾಲವೋ ಅಷ್ಟು ಲೇಸು. ಜಿ ಪ್ರಮಾಣದ ದೊಡ್ಡ ಎಂಜಿನ್‌ಗೆ ಕನಿಷ್ಠ 2 ಮೀಟರ್ ತ್ರಿಜ್ಯವಿದ್ದರೆ ಓಟ ಸರಾಗ.

ಜಲ್ಲಿಯೂ ಪ್ರಮಾಣಕ್ಕೆ ತಕ್ಕಂತಿರಬೇಕು. ನಿಜವಾದ 50 ಮಿಮೀ ಜಲ್ಲಿ ಜಿ ಪ್ರಮಾಣದಲ್ಲಿ 2 ಮಿಮೀ, ಎಚ್‌ಒದಲ್ಲಿ ಅರ್ಧ ಮಿಮೀಗಿಂತ ಸ್ವಲ್ಪ ದೊಡ್ಡದು. ಕ್ರಷರ್ ಪುಡಿಯನ್ನು ಜರಡಿ ಹಿಡಿದರೆ ಎರಡೂ ಸಿಗುತ್ತವೆ. ಹಾಸುವ ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣಗಳನ್ನು ತೆಗೆಯುವುದು ಅಗತ್ಯ. ಇಲ್ಲವಾದರೆ ಅವು ಎಂಜಿನ್ನಿನ ಮೋಟಾರಿಗೆ ಅಂಟಿಕೊಳ್ಳುತ್ತವೆ.

ಕೊಪ್ಪಳ ಸೀಮೆಯ ನೆಲ ಮಾದರಿಕಾರರಿಗೆ ಸಮೃದ್ಧ ವಸ್ತು. ಗುಂಡುಕಲ್ಲುಗಳನ್ನು ಪೇರಿಸಿದಂಥ ಬೋಳು ಗುಡ್ಡಗಳು, ಎರೆಹೊಲದ ಕಪ್ಪು, ಮಸಾರಿಯ ಕೆಂಪು, ಜೋಳದ ಬೆಳೆ, ಹಳಿಯ ಬದಿಯಲ್ಲಿ ಬಳ್ಳಾರಿ ಜಾಲಿ. ಗುಡ್ಡದ ಮರೆ ರಚನೆಗೂ ನೆರವಾಗುತ್ತದೆ: ಗಾಡಿ ಹಿಂದಿರುಗುವ ಬಿಗಿ ತಿರುವನ್ನು ಗುಡ್ಡದ ಹಿಂದೆ ಅಡಗಿಸಿದರೆ ಮುಂದಿನ ನೇರ ಹಳಿ ಮಾತ್ರ ಕಾಣುತ್ತದೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯನ್ನೂ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನೂ ತೋರಿಸುವವರು ಕಾಲ ಗಮನಿಸಬೇಕು. ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ, ಜಲಾಶಯದಲ್ಲಿ ನೀರು ನಿಂತದ್ದು 1950ರ ದಶಕದಲ್ಲಿ.

ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರ ಕಲೆ ಇಲ್ಲಿ ನೆನಪಿಗೆ ಬರುವಂಥದ್ದು. ಹಗುರ ಮರವನ್ನು ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಕಿಟ್ಟದಿಂದ ರೂಪ ತುಂಬಿ, ಬಣ್ಣ ಹಚ್ಚುವ ಆ ವಿಧಾನ ಪ್ಲಾಟ್‌ಫಾರಮ್ಮಿನ ಪ್ರಯಾಣಿಕರು, ಹಮಾಲರು, ಎತ್ತಿನ ಗಾಡಿಗಳನ್ನು ಮಾಡಲು ತಕ್ಕದ್ದು. ವಿದೇಶದಿಂದ ಬರುವ ಕೋಟು ಹ್ಯಾಟಿನ ಗೊಂಬೆಗಳಿಗಿಂತ ರುಮಾಲು, ಇಳಕಲ್ ಸೀರೆಯ ಗೊಂಬೆಗಳು ಗಿಣಿಗೇರಾದ ಪ್ಲಾಟ್‌ಫಾರಮ್ಮಿಗೆ ಒಪ್ಪುತ್ತವೆ.

ಚಾಲನಶಕ್ತಿ

ಮಾದರಿ ಎಂಜಿನ್ ಓಡುವುದು ಎರಡು ಬಗೆಯಲ್ಲಿ. ಮೊದಲನೆಯದು ವಿದ್ಯುತ್. ಹಳಿಗಳ ಮೂಲಕ (ಎಚ್‌ಒ, ಎನ್ ಮಾದರಿಗಳಲ್ಲಿ 12 ವೋಲ್ಟ್‌ವರೆಗಿನ) ನೇರ ವಿದ್ಯುತ್ ಹರಿಸಿ, ಅದನ್ನು ಏರಿಳಿಸಿ ವೇಗ ನಿಯಂತ್ರಿಸುವುದು ಹಳೆಯ ವಿಧಾನ. ಡಿಜಿಟಲ್ ವಿಧಾನದಲ್ಲಿ ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ; ಪ್ರತಿ ಎಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಒಂದೇ ಹಳಿಯಲ್ಲಿ ಎರಡು ಎಂಜಿನ್‌ಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಬಹುದು, ಸೀಟಿ ಮತ್ತು ಉಗಿಯ ಸದ್ದನ್ನೂ ಹೊರಡಿಸಬಹುದು. ಹೊಗೆಗಾಗಿ ಕೊಳವೆಯೊಳಗೆ ತೆಳು ಎಣ್ಣೆಯನ್ನು ಕಾಯಿಸುವ ಚಿಕ್ಕ ಸಾಧನವಿರುತ್ತದೆ.

ಎರಡನೆಯದು ನಿಜವಾದ ಉಗಿ. ಜಿ ಪ್ರಮಾಣದ ಹಳಿಯ ಮೇಲೆ ಇದು ಸಾಧ್ಯ. ತಾಮ್ರದ ಪುಟ್ಟ ಬಾಯ್ಲರಿನಲ್ಲಿ ಬ್ಯುಟೇನ್ ಅನಿಲ ಅಥವಾ ಸ್ಪಿರಿಟ್ ಉರಿಸಿ, ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದ ಉಗಿ ಪಡೆಯಲಾಗುತ್ತದೆ. ಒಮ್ಮೆ ನೀರು ತುಂಬಿದರೆ ಸುಮಾರು ಅರ್ಧ ಗಂಟೆಯ ಓಟ. ಸುರಕ್ಷತಾ ಕವಾಟ ಕಡ್ಡಾಯ. ಬಾಯ್ಲರನ್ನು ಕೆಲಸದ ಒತ್ತಡದ ಎರಡರಷ್ಟು ನೀರಿನ ಒತ್ತಡದಲ್ಲಿ ಪರೀಕ್ಷಿಸಿದ ಮೇಲೆಯೇ ಬೆಂಕಿ ಹಚ್ಚಬೇಕು. ಸ್ಪಿರಿಟ್ಟಿನ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಾಳಿಗೆಯ ಬಿಸಿಲಿನಲ್ಲಿ ಓಡಿಸುವವರು ಇದನ್ನು ಮರೆಯಬಾರದು. ಮಕ್ಕಳು ನೋಡಲಿ, ಆದರೆ ಬೆಂಕಿಯ ಕೆಲಸ ದೊಡ್ಡವರದೇ ಆಗಿರಲಿ.

ಓಟದ ಕ್ರಮ

ರೈಲನ್ನು ಸುತ್ತು ಹೊಡೆಸುವುದು ಬೇರೆ, ರೈಲ್ವೆಯನ್ನು ನಡೆಸುವುದು ಬೇರೆ. ಒಂಟಿ ಹಳಿಯ ನಿಲ್ದಾಣದಲ್ಲಿ ಇಡೀ ಕೆಲಸದ ಹೃದಯ ಎದುರುಬದುರು ಗಾಡಿಗಳ ದಾಟುವಿಕೆ. ಭಾರತದ ಒಂಟಿ ಹಳಿಗಳಲ್ಲಿ ಟೋಕನ್ ಪದ್ಧತಿ ಬಹುಕಾಲ ನಡೆಯಿತು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಮ್ಮೆಗೆ ಒಂದೇ ಟೋಕನ್, ಅಂದರೆ ಒಂದು ಗುಂಡು. ಯಂತ್ರದಿಂದ ಹೊರಬಂದ ಆ ಗುಂಡು ಡ್ರೈವರ್ ಕೈಗೆ ಸಿಗದೆ ಗಾಡಿ ಹೊರಡುವಂತಿಲ್ಲ. ಮನೆಯ ಮಾರ್ಗದಲ್ಲೂ ಒಂದು ಗೋಲಿಯನ್ನು ಟೋಕನ್ ಮಾಡಿಕೊಂಡರೆ ಇಬ್ಬರು ಮೂವರು ಸೇರಿ ನಡೆಸುವ ಆಟಕ್ಕೆ ಶಿಸ್ತು ಬರುತ್ತದೆ. ಕೊಪ್ಪಳದ ಕಡೆಯಿಂದ ಬಂದ ಗೂಡ್ಸ್ ಪಕ್ಕದ ಹಳಿಗೆ ಸರಿಯುತ್ತದೆ, ಪಾಯಿಂಟ್ ತಿರುಗುತ್ತದೆ, ಸಿಗ್ನಲ್ ಕೈ ಇಳಿಯುತ್ತದೆ, ಹೊಸಪೇಟೆಯ ಕಡೆಯಿಂದ ಪ್ಯಾಸೆಂಜರ್ ಒಳಬರುತ್ತದೆ. ಟೋಕನ್ ಕೈ ಬದಲಾದ ಮೇಲೆಯೇ ಗೂಡ್ಸ್ ಹೊರಡುತ್ತದೆ.

ಹೊಸಬರ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಅತಿವೇಗ. ಗಂಟೆಗೆ 40 ಕಿಮೀ ಓಡುವ ಗಾಡಿಯನ್ನು ಎಚ್‌ಒದಲ್ಲಿ ತೋರಿಸಬೇಕಾದರೆ ಮಾದರಿ ಒಂದು ಮೀಟರ್ ದಾಟಲು ಸುಮಾರು 8 ಸೆಕೆಂಡು ತೆಗೆದುಕೊಳ್ಳಬೇಕು. ಜಿ ಪ್ರಮಾಣದಲ್ಲಿ 2 ಸೆಕೆಂಡು. ಹಳಿಯ ಬದಿಯಲ್ಲಿ ಒಂದು ಮೀಟರಿಗೆ ಗುರುತು ಹಾಕಿ ಗಡಿಯಾರ ನೋಡಿದರೆ ಸಾಕು.

ಸದ್ದಿಗೂ ಲೆಕ್ಕವಿದೆ. ಎರಡು ಸಿಲಿಂಡರಿನ ಉಗಿ ಎಂಜಿನ್ ಚಾಲಕ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಗಿ ಉಗುಳುತ್ತದೆ. ವೈಪಿ ಎಂಜಿನ್ ಗಂಟೆಗೆ 8 ಕಿಮೀ ವೇಗದಲ್ಲಿ ಸೆಕೆಂಡಿಗೆ ಎರಡು ಸಲ, 40 ಕಿಮೀ ವೇಗದಲ್ಲಿ ಸುಮಾರು ಹತ್ತು ಸಲ ಸದ್ದು ಮಾಡುತ್ತದೆ. ಬಿಡಿಬಿಡಿಯಾಗಿ ಎಣಿಸಬಹುದಾದ ಚುಕುಬುಕು ನಿಲ್ದಾಣ ಬಿಡುವಾಗಿನದು. ವೇಗ ಹೆಚ್ಚಿದಂತೆ ಅದು ಒಂದೇ ಮೊರೆತವಾಗುತ್ತದೆ. ಡಿಕೋಡರನ್ನು ಗಾಲಿಯ ಸುತ್ತಿಗೆ ಹೊಂದಿಸದಿದ್ದರೆ ಕಿವಿ ಕೂಡಲೇ ಮೋಸವನ್ನು ಗುರುತಿಸುತ್ತದೆ.

ಚಿತ್ರೀಕರಣ

ಮಾದರಿಯನ್ನು ಮೇಲಿನಿಂದ ನೋಡಿದರೆ ಅದು ಮಾದರಿ. ಹಳಿಯ ಬದಿಯಲ್ಲಿ ನಿಂತವರ ಕಣ್ಣಿನಿಂದ ನೋಡಿದರೆ ಅದು ರೈಲು. ನೆಲದಿಂದ 1.6 ಮೀಟರ್ ಎತ್ತರದ ಕಣ್ಣು ಜಿ ಪ್ರಮಾಣದಲ್ಲಿ 7 ಸೆಂಮೀ, ಎಚ್‌ಒದಲ್ಲಿ 2 ಸೆಂಮೀಗಿಂತ ಕಡಿಮೆ ಎತ್ತರದಲ್ಲಿರುತ್ತದೆ. ಮೊಬೈಲ್ ಫೋನನ್ನು ತಲೆಕೆಳಗಾಗಿ ಹಿಡಿದರೆ ಅದರ ಮಸೂರ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತದೆ. ಫೋನಿನ ಚಿಕ್ಕ ಸೆನ್ಸರ್ ಇಲ್ಲಿ ವರವೇ ಸರಿ, ಏಕೆಂದರೆ ಅದರಲ್ಲಿ ಹತ್ತಿರದ ಎಂಜಿನ್ನೂ ದೂರದ ಗುಡ್ಡವೂ ಒಟ್ಟಿಗೆ ಸ್ಪಷ್ಟವಾಗಿ ಮೂಡುತ್ತವೆ. ದೊಡ್ಡ ಕ್ಯಾಮೆರಾದಲ್ಲಿ ಇದೇ ಸ್ಪಷ್ಟತೆಗೆ ಮಸೂರದ ರಂಧ್ರವನ್ನು ಕಿರಿದು ಮಾಡಿ, ಬೆಳಕನ್ನು ಹೆಚ್ಚಿಸಬೇಕು. ಹಿನ್ನೆಲೆ ಮಸುಕಾದಷ್ಟೂ ವಸ್ತು ಚಿಕ್ಕದೆಂದು ಕಣ್ಣು ತೀರ್ಮಾನಿಸುತ್ತದೆ.

ಬೆಳಕಿನ ಮೂಲ ಒಂದೇ ಇರಬೇಕು. ಸೂರ್ಯನಿಗೆ ಒಂದು ನೆರಳು; ಎರಡು ದೀಪಗಳು ಎರಡು ನೆರಳು ಚೆಲ್ಲಿದರೆ ಕೋಣೆಯ ಗುಟ್ಟು ಬಯಲಾಗುತ್ತದೆ. ಎಲ್‌ಇಡಿ ದೀಪದಡಿ ಚಿತ್ರೀಕರಿಸುವಾಗ ಸೆಕೆಂಡಿಗೆ 25 ಚೌಕಟ್ಟು, ಶಟರ್ ವೇಗ ಸೆಕೆಂಡಿನ 50ರಲ್ಲಿ ಒಂದು ಭಾಗ ಇಟ್ಟುಕೊಂಡರೆ 50 ಹರ್ಟ್ಸ್ ವಿದ್ಯುತ್ತಿನಿಂದ ಬರುವ ಮಿನುಗು ಬಹುಮಟ್ಟಿಗೆ ತಪ್ಪುತ್ತದೆ. ಹೊಗೆ ಮತ್ತು ಉಗಿ ಕಾಣಲು ಬೆಳಕು ಹಿಂದಿನಿಂದ ಅಥವಾ ಓರೆಯಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ನಿಜವಾದ ಉಗಿ ತಂಪು ಗಾಳಿಯಲ್ಲಿ ಮಾತ್ರ ಬಿಳಿಯಾಗಿ ನಿಲ್ಲುತ್ತದೆ. ಆದ್ದರಿಂದ ಮಾಳಿಗೆಯ ಚಿತ್ರೀಕರಣಕ್ಕೆ ಡಿಸೆಂಬರ್, ಜನವರಿಯ ಬೆಳಗು ಸೂಕ್ತ. ಏಪ್ರಿಲ್ ತಿಂಗಳ ಮಧ್ಯಾಹ್ನ ಉಗಿ ಕೊಳವೆಯ ಬಾಯಲ್ಲೇ ಕರಗಿಹೋಗುತ್ತದೆ.

ಹೊಗೆಯನ್ನೂ ನೀರನ್ನೂ ಪ್ರಮಾಣಕ್ಕೆ ಕುಗ್ಗಿಸಲಾಗದು. ಮಾದರಿಯ ಹೊಗೆ ತನ್ನ ಗಾತ್ರಕ್ಕೆ ಹೋಲಿಸಿದರೆ ತೀರ ಬೇಗ ಮೇಲೇರಿ ಚದುರುತ್ತದೆ. ಗುರುತ್ವದ ಅಡಿಯಲ್ಲಿ ನಡೆಯುವ ಚಲನೆ ನಿಜವೆನಿಸಲು ಅದನ್ನು ಪ್ರಮಾಣದ ವರ್ಗಮೂಲದಷ್ಟು ನಿಧಾನಗೊಳಿಸಬೇಕು: ಜಿ ಪ್ರಮಾಣಕ್ಕೆ ಸುಮಾರು 4.7 ಪಟ್ಟು, ಎಚ್‌ಒಗೆ 9.3 ಪಟ್ಟು. ಫೋನಿನಲ್ಲಿ ಸೆಕೆಂಡಿಗೆ 120 ಚೌಕಟ್ಟುಗಳಂತೆ ಹಿಡಿದು 25ರಂತೆ ತೋರಿಸಿದರೆ 4.8 ಪಟ್ಟು ನಿಧಾನವಾಗುತ್ತದೆ, ಜಿ ಪ್ರಮಾಣಕ್ಕೆ ಬಹುತೇಕ ಸರಿ. ಆದರೆ ಗಾಡಿಯೂ ಅಷ್ಟೇ ನಿಧಾನವಾಗುವುದರಿಂದ ಈ ವಿಧಾನ ನಿಂತ ಎಂಜಿನ್, ಹೊರಡುವ ಕ್ಷಣ, ಸುರಕ್ಷತಾ ಕವಾಟದ ಉಗಿ ಇಂಥ ದೃಶ್ಯಗಳಿಗೆ ಮೀಸಲು. ಓಟದ ದೃಶ್ಯಕ್ಕೆ ಪ್ರಮಾಣದ ವೇಗ, ಸಾಮಾನ್ಯ ಚೌಕಟ್ಟು ಉತ್ತಮ. ಧ್ವನಿಯನ್ನು ಬೇರೆ ಯಂತ್ರದಲ್ಲಿ, ಹಳಿಗೆ ಹತ್ತಿರವಿಟ್ಟು ಮುದ್ರಿಸಿ ಸಂಕಲನದಲ್ಲಿ ಹೊಂದಿಸಬೇಕು.

ಸ್ಥಳೀಯ ಹವೆ ಮತ್ತು ನಿರ್ವಹಣೆ

ಕೊಪ್ಪಳ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹತ್ತು ಮೀಟರ್ ಉದ್ದದ ಹಿತ್ತಾಳೆ ಹಳಿ 30 ಡಿಗ್ರಿ ತಾಪ ಹೆಚ್ಚಿದಾಗ ಸುಮಾರು 6 ಮಿಮೀ ಹಿಗ್ಗುತ್ತದೆ. ಮಾಳಿಗೆಯ ಹಳಿಯ ಕೀಲುಗಳಲ್ಲಿ ಸಂದು ಬಿಡದಿದ್ದರೆ ಮಧ್ಯಾಹ್ನಕ್ಕೆ ಹಳಿ ಹಾವಿನಂತೆ ಡೊಂಕಾಗುತ್ತದೆ. ಅನಿಲವನ್ನು ನೆರಳಿನಲ್ಲೇ ತುಂಬಬೇಕು. ಕಾದ ತೊಟ್ಟಿಯಲ್ಲಿ ಒತ್ತಡ ಏರಿ ಉರಿ ಹತೋಟಿ ತಪ್ಪುತ್ತದೆ.

ಗಿಣಿಗೇರಾ ಸುತ್ತಮುತ್ತ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳಿವೆ. ಗಾಳಿಯಲ್ಲಿ ಬರುವ ಕಬ್ಬಿಣದ ಅಂಶವಿರುವ ಧೂಳು ಮೋಟಾರಿನ ಅಯಸ್ಕಾಂತಕ್ಕೂ ಧ್ವನಿವರ್ಧಕಕ್ಕೂ ಅಂಟುತ್ತದೆ. ಓಟ ಮುಗಿದ ಮೇಲೆ ಮಾರ್ಗಕ್ಕೆ ಬಟ್ಟೆ ಹೊದಿಸುವುದು, ಓಡಿಸುವ ಮೊದಲು ಹಳಿಯ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸುವುದು ಇಲ್ಲಿ ದಿನಚರಿಯಾಗಬೇಕು.

ನೀರಿನ ಪ್ರಶ್ನೆ ನಿಜವಾದ ಉಗಿ ಎಂಜಿನ್‌ಗಳನ್ನೂ ಕಾಡಿದ್ದೇ. ಗಡಸು ನೀರು ಬಾಯ್ಲರಿನ ಒಳಗೋಡೆಗೆ ಸುಣ್ಣ ಕಟ್ಟಿಸುತ್ತದೆ. ಅದಕ್ಕಾಗಿ ಶೆಡ್ಡುಗಳಲ್ಲಿ ನಿಗದಿತ ಅವಧಿಗೆ ಬಾಯ್ಲರ್ ತೊಳೆಯುತ್ತಿದ್ದರು. ಪುಟ್ಟ ಬಾಯ್ಲರಿನೊಳಗೆ ಕೈ ಹಾಕಿ ತೊಳೆಯಲಾಗದು. ಹಾಗಾಗಿ ಕೊಳವೆಬಾವಿಯ ನೀರನ್ನು ಬಿಟ್ಟು, ಸೋಸಿದ ಶುದ್ಧ ಮಳೆನೀರು ಅಥವಾ ಭಟ್ಟಿ ಇಳಿಸಿದ ನೀರನ್ನು ಬಳಸಬೇಕು.

ದಾಖಲೆಯಾಗಿ ಮಾದರಿ

ಮಾದರಿ ಮಾರ್ಗ ಮತ್ತು ಅದರ ಚಲನಚಿತ್ರ ಹವ್ಯಾಸವನ್ನು ಮೀರಿ ದಾಖಲೆಯಾಗಬಲ್ಲವು, ಆಧಾರಗಳನ್ನು ಗುರುತಿಸಿಟ್ಟರೆ. ನಿಲ್ದಾಣದ ಕಟ್ಟಡ, ಹಳಿಗಳ ನಕ್ಷೆ, ಸಿಗ್ನಲ್ಲುಗಳ ಜಾಗ ಇವುಗಳಲ್ಲಿ ಯಾವುದು ಅಳತೆಯಿಂದ ಬಂದದ್ದು, ಯಾವುದು ಛಾಯಾಚಿತ್ರದಿಂದ, ಯಾವುದು ಊಹೆಯಿಂದ ಎಂಬುದನ್ನು ಬರೆದಿಡಬೇಕು. ಉಗಿ ಕಾಲದಲ್ಲಿ ದುಡಿದ ಡ್ರೈವರ್, ಫೈರ್‌ಮನ್, ಗಾರ್ಡ್, ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್‌ಗಳಲ್ಲಿ ಹಲವರು ಈ ಮಾರ್ಗದ ಊರುಗಳಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. ಎಂಜಿನ್‌ಗೆ ಎಲ್ಲಿ ನೀರು ತುಂಬಿಸುತ್ತಿದ್ದರು, ಯಾವ ಏರಿನಲ್ಲಿ ಗಾಲಿ ಜಾರುತ್ತಿತ್ತು, ಸೀಟಿಯ ಸಂಕೇತಗಳ ಅರ್ಥವೇನು ಎಂಬುದು ಅವರಿಗೆ ಗೊತ್ತು. ಮಾದರಿಯ ಚಿತ್ರವನ್ನು ಅವರಿಗೆ ತೋರಿಸಿ, ಅವರು ಹೇಳುವ ತಿದ್ದುಪಡಿಗಳನ್ನು ಧ್ವನಿಮುದ್ರಿಸಿಕೊಂಡು ಮಾರ್ಗವನ್ನು ಸರಿಪಡಿಸುತ್ತ ಹೋದರೆ, ಮಾದರಿಯ ಜೊತೆಗೆ ಮೀಟರ್‌ಗೇಜ್ ಕಾಲದ ಕೆಲಸಗಾರರ ತಿಳಿವಳಿಕೆಯೂ ಉಳಿಯುತ್ತದೆ.